ದುಂಡು ಅರಿವಿಗೆ ಪಟ್ಟಿ ಕೂಡಿಸೋದು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳನ್ನ ನೋಡಿದ್ರ ಕೊಪ್ಪಳದಿಂದ ಹಿಡಿದು ಲಿಂಗಸೂಗೂರ ತನಕ ಎಲ್ಲಾರಿಗೂ ಒಂದೇ ಕಡೆ ತ್ರಾಸು ಆಗೈತಿ, ಚೌಕಾಕಾರ ಹೊಲಿಯಾಕ ಬರ್ತತಿ, ದುಂಡಕ್ಕ ಪಟ್ಟಿ ಕೂಡಿಸೋ ಹೊತ್ತಿಗೆ ನೆರಿಗಿ ಬೀಳ್ತತಿ, ಪಟ್ಟಿ ಉಳಿತತಿ ಇಲ್ಲಾ ಕಮ್ಮಿ ಬೀಳ್ತತಿ. ಅದಕ್ಕ ಬ್ಲೌಸಿನ ಪ್ರಶ್ನೆಗಳನ್ನೆಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇದೊಂದನ್ನೇ ತಗೊಂಡೀನಿ. ಮೊದಲನೇ ಉತ್ತರ ಉದ್ದ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಲೆಕ್ಕ ಎಲ್ಲಾ ಅಲ್ಲೇ ಐತಿ, ಉಳಿದ ಉತ್ತರಗಳಿಗೂ ಅದೇ ಬೇಕು.

ಪ್ರಶ್ನೆ: ನಮಸ್ಕಾರ ಅಕ್ಕಾರ. ಜೋಳದ ರೊಟ್ಟಿ ಇಡಾಕ ದುಂಡು ತಳದ ಅರಿವಿ ಚೀಲ ಹೊಲಿಯಾಕ ಹತ್ತೀನಿ, ಮ್ಯಾಲೆ ಲಾಡಿ ಎಳೆಯೋ ಅಂಥದ್ದು. ತಳಕ್ಕ 13 ಇಂಚಿನ ದುಂಡು ಕತ್ತರಿಸಿ, ಅದರ ಸುತ್ತ ಟೇಪ್ ಹಿಡಿದು ಅಳದೆ, 41 ಇಂಚು ಬಂತು, ಜೋಡಣೆಗೆ ಅಂತ 1 ಇಂಚು ಸೇರಿಸಿ 42 ಇಂಚಿನ ಪಟ್ಟಿ ತಗೊಂಡೆ. ಹೊಲಕೊಂತ ಬಂದ್ರ ಕೊನಿಗೆ 3 ಇಂಚು ಪಟ್ಟಿ ಹೆಚ್ಚಿಗೆ ಉಳಿತು. ಬಿಚ್ಚಿ ಮತ್ತ ಹೊಲಿದ್ರೂ ಅಷ್ಟೇ. ಮಷೀನ್ ಎಳಿಯಾಕ ಹತ್ತೈತೇನು? — ಓದುಗ ತಂಗಿ, ಕೊಪ್ಪಳ

ಉತ್ತರ: ಮಷೀನಿಂದು ಏನೂ ತಪ್ಪಿಲ್ಲ ತಂಗಿ, ಅದನ್ನ ರಿಪೇರಿಗೆ ಒಯ್ದು ರೊಕ್ಕ ಕೊಡಬ್ಯಾಡ. ನೀ ಅಳದಿದ್ದು ಕತ್ತರಿಸಿದ ಅಂಚು, ಹೊಲಿಗಿ ಬೀಳೋದು ಅದರಿಂದ ಅರ್ಧ ಇಂಚು ಒಳಗ. ಪಟ್ಟಿ ಕೂಡೋದು ಹೊಲಿಗಿ ಗೆರಿಗೆ, ಅಂಚಿಗೆ ಅಲ್ಲ. ಸುತ್ತ ಅರ್ಧರ್ಧ ಇಂಚು ಮಾರ್ಜಿನ್ ಬಿಟ್ಟಿ ಅಂದ್ರ 13 ಇಂಚಿನ ದುಂಡು ಹೊಲಿಗಿ ಗೆರಿ ಮ್ಯಾಲೆ 12 ಇಂಚು ಆಗ್ತತಿ. ದುಂಡಿನ ಅಡ್ಡಳತಿನ 22ರಿಂದ ಗುಣಿಸಿ 7ರಿಂದ ಭಾಗಿಸಿದ್ರ ಸುತ್ತಳತಿ ಸಿಗ್ತತಿ, ಸಾಲ್ಯಾಗ ಕಲಿತದ್ದೇ. 12ಕ್ಕ ಲೆಕ್ಕ ಮಾಡಿದ್ರ 37.7 ಇಂಚು ಬರ್ತತಿ, ಅದಕ್ಕ ಜೋಡಣೆ ಮಾರ್ಜಿನ್ 1 ಇಂಚು ಕೂಡಿಸು, 38.7, ಅಂದ್ರ ಹೆಚ್ಚುಕಮ್ಮಿ 38 ಮುಕ್ಕಾಲು. ನೀ ತಗೊಂಡಿದ್ದು 42. ಉಳಿದ 3 ಇಂಚು ಎಲ್ಲಿಂದ ಬಂತು ಅಂತ ಈಗ ತಿಳೀತಲ್ಲ.

ಇದರಾಗ ಒಂದು ವಿಷಯ ಭಾಳ ಮಂದಿಗೆ ನಂಬಿಕಿ ಬರಂಗಿಲ್ಲ, ಆದ್ರ ನಿಜ: ಅರ್ಧ ಇಂಚು ಮಾರ್ಜಿನ್ ಇದ್ರ ದುಂಡು ಎಷ್ಟರ ದೊಡ್ಡದಿರಲಿ ಎಷ್ಟರ ಸಣ್ಣದಿರಲಿ, ಅಂಚಿಗೂ ಹೊಲಿಗಿ ಗೆರಿಗೂ ನಡುವಿನ ಫರಕು ಅದೇ 3 ಇಂಚು ಚಿಲ್ಲರೆ. ಕೂಸಿನ ಟೋಪಿಗೂ ಅಷ್ಟೇ, ಊಟದ ಟೇಬಲ್ ಹೊದಿಕಿಗೂ ಅಷ್ಟೇ. ಯಾಕಂದ್ರ ಅಡ್ಡಳತಿ ಎರಡೂ ಕಡೆ ಸೇರಿ 1 ಇಂಚು ಕಮ್ಮಿ ಆಗ್ತತಿ, ಸುತ್ತಳತಿ ಅದರ 22/7ರಷ್ಟು ಕಮ್ಮಿ ಆಗ್ತತಿ. ಕಾಲಿಂಚು ಮಾರ್ಜಿನ್ ಇಟ್ರ ಫರಕು ಒಂದೂವರಿ ಇಂಚು. ಇದೊಂದು ತಲಿಯಾಗ ಇಟ್ಕೊಂಡ್ರ ಅರ್ಧ ಕೆಲಸ ಮುಗೀತು.

ಈಗ ಹೊಲಿಯೋದು ಹೆಂಗ ಅಂತ ಹೇಳ್ತೀನಿ. ಮೊದಲು ಪಟ್ಟಿಯ ಎರಡೂ ತುದಿ ಕೂಡಿಸಿ ಬಳಿ ಮಾಡ್ಕೋ, ಆ ಜೋಡಣಿಯ ಮಾರ್ಜಿನ್ ಎರಡೂ ಕಡೆ ಬಿಡಿಸಿ ಇಸ್ತ್ರಿ ಹೊಡಿ. ಲಾಡಿ ತೂರಿಸೋ ಬಾಯಿ ಬೇಕು ಅಂದ್ರ ಜೋಡಣಿಯ ಮ್ಯಾಲಿನ ತುದಿಯಾಗ ಸಲ್ಪ ಹೊಲಿಯದ ಬಿಡು. ಆಮ್ಯಾಲೆ ಪಟ್ಟಿಯ ಕೆಳಗಿನ ಅಂಚಿಗೆ, ಹೊಲಿಗಿ ಗೆರಿಗಿಂತ ಕೂದಲೆಳಿ ಹೊರಗ, ಒಂದು ಸಾದಾ ಹೊಲಿಗಿ ಹಾಕ್ಕೊಂಡು ಬಾ, ಇದು ಯಾವುದಕ್ಕೂ ಕೂಡೋ ಹೊಲಿಗಿ ಅಲ್ಲ, ಬರೀ ಕಾವಲು. ಈಗ ಕತ್ರಿ ತುದಿಯಿಂದ ಅಂಚಿನಿಂದ ಆ ಕಾವಲು ಹೊಲಿಗಿ ತನಕ ಅರ್ಧರ್ಧ ಇಂಚಿಗೆ ಒಂದೊಂದು ಕಟ್ ಕೊಡು, ಹೊಲಿಗಿ ಮಾತ್ರ ಕತ್ತರಿಸಬ್ಯಾಡ. ಪಟ್ಟಿ ನೆಟ್ಟಗಿರ್ತತಿ, ದುಂಡು ಬಾಗಿರ್ತತಿ, ಪಟ್ಟಿಯ ಮಾರ್ಜಿನ್ ದುಂಡಿನ ದೊಡ್ಡ ಸುತ್ತಿಗೆ ಹರಡಿಕೊಳ್ಳಬೇಕಂದ್ರ ಅದು ಬಾಯಿ ಬಿಡಬೇಕು, ಕಟ್ ಇಲ್ಲಾಂದ್ರ ಅದು ಹೆಂಗ ಬಾಯಿ ಬಿಟ್ಟೀತು? ನೆರಿಗಿ ಬೀಳೋದಕ್ಕ ಅಳತಿ ಬಿಟ್ರ ಎರಡನೇ ಕಾರಣ ಇದೇ.

ದುಂಡನ್ನ ನಾಕು ಮಡಿಸಿ ಮಡಿಕಿ ತುದಿಗೆ ಚಾಕಿನ ಗುರುತು ಹಾಕು, ಮತ್ತೊಮ್ಮಿ ಮಡಿಸಿ ಎಂಟು ಮಾಡು. ಪಟ್ಟಿ ಬಳಿಗೂ ಹಂಗ ಎಂಟು ಗುರುತು. ಸರಿಬದಿ ಸರಿಬದಿ ಕೂಡಿಸಿ ಗುರುತಿಗೆ ಗುರುತು ಪಿನ್ ಹಾಕು, ಪಿನ್ ಅಂಚಿಗೆ ಅಡ್ಡ ಇರಲಿ, ಉದ್ದ ಬ್ಯಾಡ. ಎಂಟು ಕಡೆ ಕೂತ ಮ್ಯಾಲೆ ನಡುವ ಉಬ್ಬು ಕಾಣಿಸಿದ್ರ ಅಲ್ಲಿ ಇನ್ನೊಂದು ಪಿನ್. ಹೊಸದಾಗಿ ಕಲಿಯೋರು ಕಚ್ಚಾ ಹೊಲಿಗಿ ಹಾಕ್ಕೊಂಡೇ ಮಷೀನಿಗೆ ಕೂಡ್ರಿ, ಕೈಹೊಲಿಗಿಗೆ ಹೋಗೋ ಹೊತ್ತು ಬಿಚ್ಚೋದ್ರಾಗ ಹೋಗೋ ಹೊತ್ತಿಗಿಂತ ಕಮ್ಮಿ. ದುಂಡು ಕೆಳಗ ಚಪ್ಪಟಿ ಮಲಗಲಿ, ಕಟ್ ಕೊಟ್ಟ ಪಟ್ಟಿ ಮ್ಯಾಲೆ ಕಣ್ಣಿಗೆ ಕಾಣಲಿ. ನಾಕೈದು ಹೊಲಿಗಿಗೊಮ್ಮಿ ಸೂಜಿ ಅರಿವ್ಯಾಗ ಇಳಿಸಿ ನಿಲ್ಲಿಸಿ, ಫೂಟ್ (ಅರಿವಿ ಒತ್ತಿ ಹಿಡಿಯೋ ಮಷೀನಿನ ಕಾಲು) ಎತ್ತಿ, ಅರಿವಿ ಸಲ್ಪ ತಿರುಗಿಸಿ, ಫೂಟ್ ಇಳಿಸಿ ಮುಂದಕ್ಕ ಹೋಗು. ಪಟ್ಟಿನೂ ಎಳಿಬ್ಯಾಡ ದುಂಡನ್ನೂ ಎಳಿಬ್ಯಾಡ. ದುಂಡಿನ ಅಂಚು ನಾಕು ಕಡೆ ಕ್ರಾಸಿನ ಮ್ಯಾಲೆ, ಅಂದ್ರ ಎಳಿಗೆ ಓರೆ, ಬರ್ತತಿ, ಅಲ್ಲಿ ಎಳದ್ರ ರಬ್ಬರಿನಂಗ ಬೆಳಿತತಿ.

ನಿನ್ನ ಚೀಲ ಈಗ ಅರ್ಧಕ್ಕ ನಿಂತೈತಲ್ಲ, ಅದನ್ನ ಬಿಚ್ಚಿ ಪಟ್ಟಿ ಜೋಡಣಿ ಹತ್ರ 3 ಇಂಚು ಕತ್ತರಿಸಿ ತಗಿ, ಮತ್ತ ಬಳಿ ಮಾಡು. ಅರಿವಿ ಹಾಳಾಗಿಲ್ಲ. ಯಾರಿಗರ ಉಲ್ಟಾ ಆಗಿ ಪಟ್ಟಿ ಮುಕ್ಕಾಲಿಂಚು ಕಮ್ಮಿ ಬಿದ್ರ ಹೊಸ ಪಟ್ಟಿ ಕತ್ತರಿಸೋ ಅಗತ್ಯ ಇಲ್ಲ, ದುಂಡಿನ ಮ್ಯಾಲೆ ಹೊಲಿಗಿ ಗೆರಿನ ಇಂಚಿನ ಎಂಟನೇ ಭಾಗದಷ್ಟು ಒಳಗ ಸರಿಸಿದ್ರ ಸುತ್ತಳತಿ ಸರಿಯಾಗಿ ಅಷ್ಟೇ ಇಳಿತತಿ. ಇನ್ನ ಎತ್ತರ, ಕಟಕ್ ರೊಟ್ಟಿ ಇಡೋದಾದ್ರ ಪಟ್ಟಿ ಸಲ್ಪ ಹೆಚ್ಚಿಗೆ ಎತ್ತರ ಇಟ್ಕೋ, ಅವು ಮೆತ್ತನ್ ರೊಟ್ಟಿಯಂಗ ಒಂದರ ಮ್ಯಾಲೊಂದು ಅಂಟಿ ಕೂಡಂಗಿಲ್ಲ, ರಾಶಿ ಎತ್ತರ ಆಗ್ತತಿ.

ಪ್ರಶ್ನೆ: ಬಳ್ಳಾರಿ ಜೀನ್ಸ್ ಯೂನಿಟ್‌ನಾಗ ಕೆಲಸ ಮಾಡ್ತೀನಿ, ಮನಿಯಾಗ ಹಳೆ ಪ್ಯಾಂಟ್ ಮತ್ತ ಉಳಿದ ತುಂಡಿನಿಂದ ದುಂಡು ತಳದ ಬ್ಯಾಗ್ ಮಾಡ್ತೀನಿ. ಜೋಡಣಿ ಬಂದ ಜಾಗಕ್ಕ ಸೂಜಿ ಮುರಿತತಿ, ತಳದ ಅಂಚು ದಪ್ಪ ಗಂಟಾಗಿ ಉಬ್ತತಿ. ಒಂದು ಬ್ಯಾಗಿನ ಪಟ್ಟಿ ಅಂತೂ ಅಳತಿ ಸರಿ ಇದ್ರೂ ಅಲೆಅಲೆ ಆತು. — ಓದುಗ ಅಣ್ಣ, ಬಳ್ಳಾರಿ

ಉತ್ತರ: ಅಣ್ಣ, ಕೊನೇದಕ್ಕ ಮೊದಲು ಹೇಳ್ತೀನಿ. ಈಗಿನ ಜೀನ್ಸ್ ಭಾಳಷ್ಟು ಸ್ಟ್ರೆಚ್ ಇರ್ತಾವ, ಲೈಕ್ರಾ ಅಡ್ಡ ಎಳಿಯೊಳಗ ಇರ್ತತಿ, ಅಂದ್ರ ಪ್ಯಾಂಟ್ ಸೊಂಟದ ಸುತ್ತ ಹಿಗ್ತತಿ, ಕಾಲಿನ ಉದ್ದಕ್ಕ ಹಿಗ್ಗಂಗಿಲ್ಲ. ನೀವು ಪಟ್ಟಿನ ಅಡ್ಡ ಕತ್ತರಿಸಿದ್ರಿ ಅಂದ್ರ ಹೊಲಿಯೋವಾಗ ಅದು ಬೆಳಕೊಂತ ಹೋಗಿ ಅಲೆ ಎದ್ದಿರ್ತತಿ. ಪಟ್ಟಿ ಯಾವಾಗಲೂ ಕಾಲಿನ ಉದ್ದಕ್ಕ ಕತ್ತರಿಸ್ರಿ, ಉದ್ದಾನೂ ಸಿಗ್ತತಿ, ಹಿಗ್ಗೋದೂ ಇಲ್ಲ. ಸ್ಟ್ರೆಚ್ ತುಂಡು ಮತ್ತ ಗಟ್ಟಿ ತುಂಡು ಒಂದೇ ಬ್ಯಾಗಿನಾಗ ಸೇರಿಸಬ್ಯಾಡ್ರಿ.

ಸೂಜಿ 16 ನಂಬರ್ ಹಾಕ್ರಿ, ಭಾರಿ ಡೆನಿಮ್ ಇದ್ರ 18. ಹೊಲಿಗಿ ಉದ್ದ 3 ಎಂಎಂ ಹತ್ರ ಇರಲಿ. ಪಟ್ಟಿ ಜೋಡಣಿಯ ಮಾರ್ಜಿನ್ ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ ಹಲಗಿ ಮ್ಯಾಲಿಟ್ಟು ಸುತ್ತಿಗಿಯಿಂದ ಮೆಲ್ಲಕ ಬಡೀರಿ, ದಪ್ಪ ಇಳಿತತಿ, ನಿಮ್ಮ ಯೂನಿಟ್‌ನಾಗೂ ನೋಡಿರ್ತೀರಿ. ಆ ಜೋಡಣಿ ದಾಟೋವಾಗ ಪೆಡಲ್ ತುಳಿಬ್ಯಾಡ್ರಿ, ಕೈಯಿಂದ ಚಕ್ರ ತಿರುಗಿಸಿ ಒಂದೊಂದೇ ಹೊಲಿಗಿ ಹಾಕ್ರಿ. ತಳ ಗಟ್ಟಿ ಇರಲಿ ಅಂತ ಒಳಗ ಕ್ಯಾನ್ವಾಸ್ ಇಡ್ತೀರಲ್ಲ, ಅದನ್ನ ಮಾರ್ಜಿನ್ ಬಿಟ್ಟು, ಹೊಲಿಗಿ ಗೆರಿಗಿಂತ ಸಲ್ಪ ಸಣ್ಣ ದುಂಡು ಕತ್ತರಿಸ್ರಿ, ಹೊಲಿಗಿಯೊಳಗ ಅದು ಸಿಗಲೇಬಾರದು.

ಹೊಲಿದ ಮ್ಯಾಲೆ ದುಂಡಿನ ಮಾರ್ಜಿನ್‌ಗೆ ಸಣ್ಣ ಸಣ್ಣ ವಿ ಆಕಾರದ ಕಟ್ ಕೊಡ್ರಿ. ಗಮನ ಇರಲಿ, ಪಟ್ಟಿಗೆ ನೆಟ್ಟನೆ ಕಟ್, ದುಂಡಿಗೆ ವಿ ಕಟ್. ಪಟ್ಟಿಯ ಮಾರ್ಜಿನ್ ಹರಡಬೇಕು, ದುಂಡಿನ ಮಾರ್ಜಿನ್ ಒಳಗ ಮಡಚಿದಾಗ ಕುಗ್ಗಬೇಕು, ಅದಕ್ಕ ಅಲ್ಲಿ ಅರಿವಿನೇ ಸಲ್ಪ ತಗೀಬೇಕಾಗ್ತತಿ. ಎರಡೂ ಮಾರ್ಜಿನ್ ಒಂದೇ ಅಳತಿ ಬಿಡದ ಒಂದನ್ನ ಕಾಲಿಂಚಿಗೆ ಇಳಿಸಿ ಇನ್ನೊಂದನ್ನ ಹಂಗ ಬಿಡ್ರಿ, ದಪ್ಪ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೊರಗ ಗಂಟು ಕಾಣಂಗಿಲ್ಲ. ಹೊಸ ಡೆನಿಮ್ ನೀಲಿ ಬಿಡ್ತತಿ, ಬಿಳಿ ಲೈನಿಂಗ್ ಹಾಕೋರು ಮೊದಲು ತುಂಡು ತೊಳದು ನೋಡ್ರಿ.

ಪ್ರಶ್ನೆ: ನಮ್ಮವ್ವನ ಹಳೆ ಇಳಕಲ್ ಸೀರಿ ಹರದೈತಿ, ಅಂಚು ಮಾತ್ರ ಗಟ್ಟಿ ಐತಿ. 3 ಇಂಚಿನ ಆ ಅಂಚನ್ನ ದುಂಡು ಟೀಪಾಯಿ ಹೊದಿಕಿ ಸುತ್ತ ಹಚ್ಚಬೇಕು ಅಂತ ಆಸೆ. ಒಳಗಿನ ಕಡೆ ಕೂಡಿಸಿದ್ರ ಹೊರಗಿನ ಕಡೆ ಸೆಟೆದು ನಿಂತು ಬಟ್ಟಲಿನಂಗ ಆಗ್ತತಿ. — ಓದುಗ ಅಕ್ಕ, ಕುಷ್ಟಗಿ

ಉತ್ತರ: ಅಕ್ಕಾರ, ಅಂಚು ಟೀಪಾಯಿ ಮ್ಯಾಲೆ ಚಪ್ಪಟಿ ಮಲಗಬೇಕು ಅಂದ್ರ ಅದು ಆಗಂಗಿಲ್ಲ, ಕೈ ಎಷ್ಟು ಚಲೋ ಇದ್ರೂ ಆಗಂಗಿಲ್ಲ. 3 ಇಂಚು ಅಗಲದ ಪಟ್ಟಿ ದುಂಡಿನ ಸುತ್ತ ಮಲಗಿದ್ರ ಅದರ ಹೊರಗಿನ ಸುತ್ತಳತಿ ಒಳಗಿನ ಸುತ್ತಳತಿಗಿಂತ ಹತ್ತಿರ ಹತ್ತಿರ 19 ಇಂಚು ಜಾಸ್ತಿ ಬೇಕು. ಇಳಕಲ್ ಅಂಚು ಬಿಗಿ ನೇಯ್ಗಿ, ಉದ್ದಕ್ಕ ಒಂದು ಎಳಿನೂ ಹಿಗ್ಗಂಗಿಲ್ಲ. ಇಸ್ತ್ರಿ ಬಿಸಿ ಮಾಡಿ ಎಳದು ಬಾಗಿಸಾಕ ಹೋಗಬ್ಯಾಡ್ರಿ, ರೇಷ್ಮಿ ಎಳಿ ಸುಟ್ಟು ಹೋದಾವು.

ಮೂರು ದಾರಿ ಅದಾವ. ಅಂಚನ್ನ ಮಲಗಿಸದ ಕೆಳಗ ಇಳಿಬಿಡ್ರಿ, ಟೀಪಾಯಿ ಅಳತಿಯ ದುಂಡಿಗೆ ಮ್ಯಾಲೆ ರೊಟ್ಟಿ ಚೀಲಕ್ಕ ಹೇಳಿದಂಗ ನೆಟ್ಟನೆ ಕೂಡಿಸಿದ್ರ ಅಂಚು ಸುತ್ತ ಜೋತು ಬಿದ್ದು ಪೂರಾ ಕಾಣ್ತತಿ. ಇಲ್ಲಾ ದುಂಡನ್ನ ಬಿಟ್ಟು ಎಂಟು ಮೂಲಿ ಮಾಡ್ರಿ, ಎಂಟು ನೇರ ತುಂಡು, ಮೂಲಿಗೆ ಮೂಲಿ ಓರೆ ಕೂಡಿಸಿದ್ರ ಚಪ್ಪಟಿ ಮಲಗ್ತತಿ. ಮೂರನೇದು ನನಗ ಭಾಳ ಇಷ್ಟ, ಟೀಪಾಯಿ ಬಿಟ್ಟು ದುಂಡು ದಿಂಬು ಮಾಡ್ರಿ. ದಿಂಬಿಗೆ ಮ್ಯಾಲೊಂದು ಕೆಳಗೊಂದು ದುಂಡು, ನಡುವ ನಿಲ್ಲೋ ಪಟ್ಟಿ ಬೇಕು, ನಿಮ್ಮ 3 ಇಂಚಿನ ಅಂಚು ಎರಡೂ ಕಡೆ ಮಾರ್ಜಿನ್ ಹೋಗಿ 2 ಇಂಚಿನ ದಪ್ಪದ ದಿಂಬಿಗೆ ಹೇಳಿ ಮಾಡಿಸಿದಂಗ ಕೂಡ್ತತಿ. ಅಂಚಿನ ಡಿಸೈನ್ ಮಾರ್ಜಿನ್ನಿಗೆ ಹೋಗಬಾರದು ಅಂದ್ರ ಎರಡೂ ಬದಿಗೆ ಬ್ಯಾರೆ ಅರಿವಿಯ ಸಣ್ಣ ಪಟ್ಟಿ ಕೂಡಿಸಿಕೊಳ್ರಿ. ಹಳೇ ಅಂಚು, ಎಳಿ ಬಿಟ್ಟುಕೊಂಡೀತು, ಕಟ್ ಕೊಡೋ ಮೊದಲು ಕಾವಲು ಹೊಲಿಗಿ ಎರಡು ಸಾಲು ಹಾಕ್ರಿ. ಅವ್ವನ ಸೀರಿ, ಅವಸರ ಮಾಡಬ್ಯಾಡ್ರಿ, ಮೊದಲು ಕೋರಾ ಅರಿವಿ ಮ್ಯಾಲೆ ಒಂದು ಹೊಲದು ನೋಡ್ರಿ.

ಪ್ರಶ್ನೆ: ಲಂಬಾಣಿ ಕಸೂತಿ ಹಾಕಿದ ದುಂಡು ತುಂಡು ಐತಿ, ಕನ್ನಡಿ ಅಂಚಿನ ತನಕ ಅದಾವ. ಅದಕ್ಕ ಪಟ್ಟಿ ಕೂಡಿಸಿ ದಿಂಬು ಮಾಡಬೇಕು, ಫೂಟ್ ಕನ್ನಡಿಗೆ ಬಡಿತತಿ. — ಓದುಗ ತಂಗಿ, ಸಂಡೂರು

ಉತ್ತರ: ಕನ್ನಡಿ ಮ್ಯಾಲೆ ಮಷೀನ್ ಓಡಿಸಲೇಬ್ಯಾಡ, ಕನ್ನಡಿನೂ ಒಡಿತತಿ, ಸೂಜಿ ಚೂರು ಕಣ್ಣಿಗೆ ಹಾರೀತು. ಜಿಪ್ ಹಚ್ಚೋ ಒಂಟಿ ಕಾಲಿನ ಫೂಟ್ ಹಾಕಿದ್ರ ಕನ್ನಡಿ ಬದಿಗೆ ಹತ್ತಿ ಹೋಗಬಹುದು. ಆದ್ರೂ ಅಂಚಿಗೆ ತಾಗಿದ ಕನ್ನಡಿ ಇದ್ರ ಆ ಭಾಗ ಕೈಯಿಂದನೇ ಹಿಮ್ಮುಖ ಹೊಲಿಗಿ ಹಾಕು, ಅದು ಮಷೀನಿನಷ್ಟೇ ಗಟ್ಟಿ. ಇನ್ನ ಮುಂದ ಹೊಸದು ಹಾಕೋದಾದ್ರ ದೊಡ್ಡ ಅರಿವಿ ಮ್ಯಾಲೆ ದುಂಡಿನ ಹೊಲಿಗಿ ಗೆರಿ ಎಳದು ಆ ಗೆರಿಯಿಂದ ಅರ್ಧ ಇಂಚು ಒಳಗ ಕನ್ನಡಿ ನಿಲ್ಲಿಸು, ಕಸೂತಿ ಪೂರಾ ಮುಗಿದ ಮ್ಯಾಲೇ ದುಂಡು ಕತ್ತರಿಸು. ಒತ್ತಾಗಿ ಹಾಕಿದ ಕಸೂತಿ ಅರಿವಿನ ಒಳಗ ಎಳಿತತಿ, ಮೊದಲೇ ಕತ್ತರಿಸಿದ್ರ ದುಂಡು ದುಂಡಾಗಿ ಉಳಿಯಂಗಿಲ್ಲ. ಈಗ ಇರೋ ತುಂಡನ್ನೂ ಉದ್ದ, ಅಡ್ಡ, ಓರೆ ಅಳದು ನೋಡು, ಫರಕು ಇದ್ರ ಎಲ್ಲಕ್ಕಿಂತ ಸಣ್ಣ ಅಳತಿ ಹಿಡಿದು ಹೊಸ ಗೆರಿ ಎಳಿ.

ಈ ಕೆಲಸಕ್ಕ ಬೆಲೆ ಐತಿ ತಂಗಿ. ಸಂಡೂರ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಐತಿ, 2023ರ ಜುಲೈನಾಗ ಹಂಪಿಯೊಳಗ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಮಕ್ಕಳು ಮಾಡಿದ 1,755 ಕಸೂತಿ ವಸ್ತು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಆತು. ಅಂಥಾ ಕಸೂತಿ ಸುತ್ತ ಹಗುರ ಪಾಲಿಸ್ಟರ್ ಪಟ್ಟಿ ಹಚ್ಚಬ್ಯಾಡ, ಗಟ್ಟಿ ಕಾಟನ್ ತಗೋ. ಕಸೂತಿ ಭಾರಕ್ಕ ತೆಳು ಪಟ್ಟಿ ಜೋತು ಬೀಳ್ತತಿ.

ಪ್ರಶ್ನೆ: 14 ಇಂಚಿನ ದುಂಡು ದಿಂಬಿನ ಕವರ್ ಹೊಲಿದೆ, ಹೊಲಿದಾಗ ಚಂದ ಇತ್ತು. ಒಂದು ಸಲ ತೊಳೆದ ಮ್ಯಾಲೆ ದುಂಡೆಲ್ಲಾ ಉಬ್ಬಿ ಸುಕ್ಕಾತು. ದುಂಡು ಹಳೆ ಕಾಟನ್ ಸೀರಿದು, ಪಟ್ಟಿ ಹೊಸ ಕಾಟನ್. — ಓದುಗ ಅಕ್ಕ, ರಾಯಚೂರು

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಾಗೇ ಐತಿ ಅಕ್ಕಾರ. ಹಳೆ ಸೀರಿ ಎಷ್ಟೋ ಸಲ ನೀರು ಕಂಡು ಕುಗ್ಗೋದೆಲ್ಲಾ ಕುಗ್ಗಿ ಮುಗಿಸಿರ್ತತಿ, ಹೊಸ ಕಾಟನ್ ಮೊದಲನೇ ನೀರಿಗೆ ಕುಗ್ತತಿ. 14 ಇಂಚಿನ ದುಂಡಿಗೆ ಪಟ್ಟಿ 44 ಇಂಚು, ನೂರಕ್ಕ 4ರಷ್ಟು ಕುಗ್ಗಿತು ಅಂತ ಹಿಡೀರಿ, ಒಂದೂ ಮುಕ್ಕಾಲು ಇಂಚು ಹೋತು, ಅಷ್ಟು ದುಂಡು ಎಲ್ಲಿ ಹೋಗಬೇಕು, ಉಬ್ಬಲೇಬೇಕು. ಎರಡೂ ಹೊಸ ಅರಿವಿ ಇದ್ರೂ ತೊಂದರಿ ಐತಿ, ಉದ್ದ ಎಳಿ ಸಾಮಾನ್ಯವಾಗಿ ಅಡ್ಡ ಎಳಿಗಿಂತ ಹೆಚ್ಚು ಕುಗ್ತತಿ, ದುಂಡು ಕತ್ತರಿಸಿದ್ದು ತತ್ತಿ ಆಕಾರಕ್ಕ ಬರ್ತತಿ. ಹೊಸ ಅರಿವಿ ರಾತ್ರಿ ನೀರಾಗ ನೆನಸಿಟ್ಟು, ಒಣಗಿಸಿ, ಇಸ್ತ್ರಿ ಮಾಡಿ, ಆಮ್ಯಾಲೆ ಕತ್ರಿ ಹಿಡೀರಿ. ಈಗಿನ ಕವರ್ ಬಿಚ್ಚಿ ಪಟ್ಟಿ ಜೋಡಣಿಯಾಗ ಅದೇ ಅರಿವಿಯ ತೊಳೆದ ತುಂಡು ಸೇರಿಸಿ 44 ಮಾಡ್ಕೊಳ್ರಿ. ಜಿಪ್ ಹಚ್ಚೋದಾದ್ರ ಪಟ್ಟಿಯೊಳಗ ಹಚ್ಚಿ, ದುಂಡಿಗೆ ಕೂಡಿಸೋ ಮೊದಲೇ ಮುಗಿಸ್ರಿ, ಆಮ್ಯಾಲೆ ಕೈ ಒಳಗ ಹೋಗಂಗಿಲ್ಲ. ಎರಡನೇ ದುಂಡು ಕೂಡಿಸೋವಾಗ ಜಿಪ್ ಅರ್ಧ ತಗದಿಟ್ಟಿರ್ರಿ, ಇಲ್ಲಾಂದ್ರ ತಿರುಗಿಸಾಕ ದಾರಿ ಇರಂಗಿಲ್ಲ.

ಪ್ರಶ್ನೆ: ತಾಟಿನ ಕೆಳಗ ಹಾಸೋ ದುಂಡು ಮ್ಯಾಟಿಗೆ ಅಂಚು ಪಟ್ಟಿ ಸುತ್ತಿದೆ, ಮ್ಯಾಟ್ ಅಂಚು ಮ್ಯಾಲಕ್ಕ ಎದ್ದು ನಿಂತತಿ. — ಸಿರುಗುಪ್ಪ

ಉತ್ತರ: ಪಟ್ಟಿ ಎಳದು ಹೊಲಿದೀರಿ. ಕೊಳ್ಳಿನಂಥ ಒಳಬಾಗಿಗೆ ಕ್ರಾಸ್ ಪಟ್ಟಿ ಸಲ್ಪ ಎಳೀಬೇಕು, ಮ್ಯಾಟಿನಂಥ ಹೊರಬಾಗಿಗೆ ಸಡಿಲ ಬಿಡಬೇಕು. ಅರ್ಧ ಇಂಚಿನ ಅಂಚಿಗೆ 2 ಇಂಚಿನ ಕ್ರಾಸ್ ಪಟ್ಟಿ, ಸರಿಯಾಗಿ 45 ಡಿಗ್ರಿ ಓರೆ ಕತ್ತರಿಸಿದ್ದು. ನೆಟ್ಟನೆ ಕತ್ತರಿಸಿದ ಪಟ್ಟಿ ಇಲ್ಲಿ ನಡಿಯಂಗಿಲ್ಲ. ಹೊಲಿಯೋ ಮೊದಲೇ ಪಟ್ಟಿನ ಇಸ್ತ್ರಿಯಿಂದ ದುಂಡಗೆ ಬಾಗಿಸಿಕೊಳ್ರಿ.

ಪ್ರಶ್ನೆ: ದುಂಡು ದಿಂಬಿಗೂ ಚೌಕ ದಿಂಬಿಗೂ ಗಿರಾಕಿಗಳು ಒಂದೇ ಮಜೂರಿಗೆ ಕೇಳ್ತಾರ, ಅರಿವಿ ಅಷ್ಟೇ ಹೋಗ್ತತಿ ಅಂತಾರ. ಏನು ಹೇಳಲಿ? — ಮನಿಯಾಗ ಹೊಲಿಯೋ ಅಕ್ಕ, ಮಾನ್ವಿ

ಉತ್ತರ: ಜಾಸ್ತಿ ಕೇಳ್ರಿ, ಸಂಕೋಚ ಬ್ಯಾಡ. ಚೌಕಕ್ಕ ನಾಕು ನೇರ ಹೊಲಿಗಿ, ದುಂಡಕ್ಕ ಗುರುತು, ಕಾವಲು ಹೊಲಿಗಿ, ಕಟ್, ಪಿನ್, ಕಚ್ಚಾ, ಅದೂ ಎರಡು ಸಲ. ಅರಿವಿಗೆ ಹೋಗೋ ರೊಕ್ಕ ಅರಿವಿ ಅಂಗಡಿಗೆ, ಮಜೂರಿ ಅನ್ನೋದು ನಿಮ್ಮ ಹೊತ್ತಿಗೆ. ದುಂಡಿಗೂ ಪಟ್ಟಿಗೂ ನಡುವ ಪೈಪಿಂಗ್ (ದಾರ ಒಳಗಿಟ್ಟು ಮಡಚಿದ ಸಣ್ಣ ಅಂಚು) ಬೇಕು ಅಂದ್ರ ಅದಕ್ಕ ಬ್ಯಾರೆ ಹಿಡೀರಿ, ಪೈಪಿಂಗನ್ನ ಮೊದಲು ದುಂಡಿಗೆ ಒಂಟಿ ಕಾಲಿನ ಫೂಟಿನಿಂದ ಹಚ್ಚಿ, ಅದರ ಮಾರ್ಜಿನ್ನಿಗೂ ಕಟ್ ಕೊಟ್ಟು, ಆಮ್ಯಾಲೆ ಪಟ್ಟಿ ಕೂಡಿಸಬೇಕಾಗ್ತತಿ, ಹೊಲಿಗಿ ಮೂರು ಸುತ್ತು ಆತು. ಕೆಲಸ ತಗೊಳ್ಳೋ ಮುಂಚೆನೇ ದರ ಹೇಳಿಬಿಡ್ರಿ.

ಪ್ರಶ್ನೆ: ಮೊಮ್ಮಗನಿಗೆ ದುಂಡು ನೆತ್ತಿಯ ಟೋಪಿ ಹೊಲೀಬೇಕು, ಆರು ತಿಂಗಳ ಕೂಸು. ಇಷ್ಟು ಸಣ್ಣ ದುಂಡಿಗೆ ಪಟ್ಟಿ ಕೂಡಿಸಾಕ ಕೈ ನಡುಗ್ತತಿ. — ಅಜ್ಜಿ, ಲಿಂಗಸೂಗೂರು

ಉತ್ತರ: ಅಮ್ಮಾರ, ದುಂಡು ಸಣ್ಣದಾದಷ್ಟು ತಿರುವು ಜಾಸ್ತಿ, ಕಷ್ಟ ಅನಿಸೋದು ಸಹಜ, ಮಷೀನ್ ಬಿಟ್ಟು ಕೈಯಿಂದ ಹೊಲಿದ್ರ ನಿಮಗ ಹಗುರ ಆಗ್ತತಿ. ಮೊದಲು ಕೂಸಿನ ತಲಿ ಸುತ್ತ ಟೇಪ್ ಒಳಗ ಒಂದು ಬೆರಳು ಇಟ್ಟು ಅಳೀರಿ. 17 ಇಂಚು ಬಂತು ಅಂತ ಇಟ್ಕೊಳ್ರಿ, 7ರಿಂದ ಗುಣಿಸಿ 22ರಿಂದ ಭಾಗಿಸಿದ್ರ ಹೊಲಿಗಿ ಗೆರಿ ಮ್ಯಾಲೆ ನೆತ್ತಿ ದುಂಡಿನ ಅಡ್ಡಳತಿ ಸಿಗ್ತತಿ, ಐದೂವರಿ ಇಂಚಿನ ಹತ್ರ. ಪಟ್ಟಿ ಕಟ್‌ಗಳನ್ನ ಕಾಲಿಂಚಿಗೊಂದು ಕೊಡ್ರಿ, ಅರ್ಧ ಇಂಚು ದೂರ ದೂರ ಇಟ್ರ ದುಂಡು ಮೂಲಿ ಮೂಲಿಯಾಗಿ ಕಾಣ್ತತಿ. ಅರಿವಿ ಮೆತ್ತನ್ ಮಲ್ ಇರಲಿ, ಒಳಗ ಲೈನಿಂಗ್ ಹಾಕಿ ಮಾರ್ಜಿನ್ ಎಲ್ಲಾ ಮುಚ್ರಿ, ಕೂಸಿನ ನೆತ್ತಿಗೆ ಎಳಿ ಚುಚ್ಚಬಾರದು. ಉದ್ದ ಲಾಡಿ, ಮಣಿ, ಗುಂಡಿ ಯಾವುದೂ ಬ್ಯಾಡ, ಬಾಯಿಗೆ ಹಾಕ್ಕೊಳ್ಳೋ ವಯಸ್ಸು.

ಕೂಸಿನ ತಲಿ ಮೊದಲನೇ ವರ್ಷ ಬೇಗ ಬೆಳಿತತಿ, ಅದಕ್ಕ ದುಂಡಿಗೆ ಅರ್ಧ ಇಂಚು ಮಾರ್ಜಿನ್ ಬಿಟ್ಟು ವಿ ಕಟ್‌ಗಳನ್ನ ಅಂಚಿನ ಹತ್ರ ಮಾತ್ರ ಸಣ್ಣಗೆ ಕೊಡ್ರಿ, ಪಟ್ಟಿ ಜೋಡಣಿಯಾಗ 1 ಇಂಚು ಅರಿವಿ ಒಳಗ ಮಡಚಿಡ್ರಿ. ಟೋಪಿ ಬಿಗಿ ಆದಾಗ ಬಿಚ್ಚಿ, ದುಂಡಿನ ಹೊಲಿಗಿ ಗೆರಿ ಇಂಚಿನ ಎಂಟನೇ ಭಾಗ ಹೊರಗ ಸರಿಸಿ, ಜೋಡಣಿಯಾಗ ಮುಕ್ಕಾಲಿಂಚು ಬಿಟ್ರ ಅದೇ ಟೋಪಿ ಮತ್ತ ಕೂಡ್ತತಿ.